ರಿವ್ಯೂ ಮಾಡೋಕೆ ಪಂಡಿತರೇ ಆಗಬೇಕಿಲ್ಲ

ಓಪನ್ ಸೋರ್ಸ್‌ಗೆ ಏನಾದರೂ ಮಾಡಬೇಕು ಅಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯೋದು ಕೋಡ್ ಬರೆಯೋದು. ಆದರೆ ಬಹಳಷ್ಟು ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೊರತೆ ಇರುವುದು ಬರೆಯುವವರಿಗಲ್ಲ, ಬರೆದದ್ದನ್ನು ನೋಡುವವರಿಗೆ. ಪ್ಯಾಚ್‌ಗಳು ಸಾಲುಗಟ್ಟಿ ಕಾಯುತ್ತಿರುತ್ತವೆ, ರಿವ್ಯೂ ಮಾಡುವವರು ಮಾತ್ರ ಬೆರಳೆಣಿಕೆಯಷ್ಟು.

ಹೊಸಬರು ಯಾಕೆ ಬರೋದಿಲ್ಲ, ಬಂದವರು ಯಾಕೆ ಉಳಿಯೋದಿಲ್ಲ? ನನ್ನದೇ ಕಥೆ ಹೇಳ್ತೀನಿ. ಮೊದಲ ವರ್ಷ ಒಂದು ಪ್ರಾಜೆಕ್ಟ್‌ನ ಪ್ಯಾಚ್ ತಗೊಂಡು, ಇಡೀ ಭಾನುವಾರ ಕೂತು ಬಿಲ್ಡ್ ಮಾಡಿ, ಖಾಲಿ ಫೈಲ್ ಕೊಟ್ಟರೆ ಕ್ರ್ಯಾಶ್ ಆಗುತ್ತೆ ಅಂತ ಬರೆದೆ. ಉತ್ತರ ಬರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಅದನ್ನು ಸರಿಪಡಿಸಿ ಪ್ಯಾಚ್ ಸೇರಿಸಿದ್ದರು. ಒಂದು ಥ್ಯಾಂಕ್ಸ್ ಕೂಡ ಇಲ್ಲ. ಅವರಿಗೆ ಪುರುಸೊತ್ತು ಇರಲಿಲ್ಲವೇನೋ. ನನಗೆ ಮಾತ್ರ ‘ದೊಡ್ಡವರ ಮಧ್ಯೆ ನಿನಗೇನು ಕೆಲಸ’ ಅಂದ ಹಾಗಾಯ್ತು. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಡೇಟಾಬೇಸ್ ಕ್ಲಾಸಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಬಳಸುವ ಪೋಸ್ಟ್‌ಗ್ರೆಸ್ ಇದಕ್ಕೊಂದು ದಾರಿ ಮಾಡಿಕೊಂಡಿದೆ. ವರ್ಷಕ್ಕೆ ಹಲವು ಸಲ, ಒಂದೊಂದು ತಿಂಗಳು, ‘ಕಮಿಟ್‌ಫೆಸ್ಟ್’ ನಡೆಸುತ್ತಾರೆ. ಬಂದಿರುವ ಪ್ಯಾಚ್‌ಗಳನ್ನು ನೋಡಿ ಮುಗಿಸೋದೇ ಆ ತಿಂಗಳ ಮುಖ್ಯ ಕೆಲಸ. ನೀವೊಂದು ಪ್ಯಾಚ್ ಕಳಿಸಿದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚನ್ನು ನೀವು ನೋಡಬೇಕು ಅನ್ನೋದು ಅಲ್ಲಿಯ ರೂಢಿ. ನಮ್ಮ ಹಳ್ಳಿಗಳ ಮುಯ್ಯಾಳು ಇದ್ದ ಹಾಗೆ: ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು.

ಅದಕ್ಕಿಂತ ಮುಖ್ಯವಾದದ್ದು, ಅವರು ರಿವ್ಯೂವನ್ನೇ ಹಂತಹಂತವಾಗಿ ಬಿಡಿಸಿಟ್ಟಿದ್ದಾರೆ. ಪ್ಯಾಚ್ ಈಗಿನ ಕೋಡ್ ಮೇಲೆ ಸರಿಯಾಗಿ ಕೂರುತ್ತಾ? ಟೆಸ್ಟ್, ದಾಖಲೆ ಜೊತೆಗಿವೆಯಾ? ಹೇಳಿದ ಕೆಲಸ ಮಾಡುತ್ತಾ? ನಿಧಾನ ಆಯ್ತಾ? ಆಮೇಲೆ ಕೋಡಿನ ಗುಣಮಟ್ಟ, ಕೊನೆಗೆ ಒಟ್ಟಾರೆ ವಿನ್ಯಾಸ. ಮೊದಲ ಹಂತಗಳಿಗೆ ಒಳಗಿನ ಕೋಡೆಲ್ಲ ಗೊತ್ತಿರಬೇಕಿಲ್ಲ. ಅಡುಗೆ ಬರದವರೂ ಸಾರಿಗೆ ಉಪ್ಪು ಕಡಿಮೆ ಅಂತ ಹೇಳಬಲ್ಲರು. ಹೀಗೆ ನೋಡಿದವರ ಹೆಸರನ್ನು ಕಮಿಟ್ ಸಂದೇಶದಲ್ಲೇ ಬರೆಯುತ್ತಾರೆ. ಹೊಸ ಆವೃತ್ತಿ ಬಂದಾಗ ಕೃತಜ್ಞತೆಯ ಪಟ್ಟಿಯಲ್ಲಿ ಕೋಡ್ ಬರೆದವರ ಜೊತೆಗೇ ರಿವ್ಯೂ ಮಾಡಿದವರ ಹೆಸರೂ ಇರುತ್ತದೆ.

ಇದೆಲ್ಲ ಬರೀ ಮನಸ್ಸಿನ ಸಮಾಧಾನದ ಮಾತಲ್ಲ. ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ‘ಎಕ್ಸ್‌ಝಡ್’ ಅನ್ನೋ ಪ್ರಾಜೆಕ್ಟನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯದ ನೆಪದಲ್ಲಿ ಬಂದ ಯಾರೋ ಒಬ್ಬರು ನಂಬಿಕೆ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆ ಹಚ್ಚಿದವರು ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಅವರು ಹೊಸಬರಲ್ಲ, ನಿಜ. ಆದರೆ ಮೊದಲ ಸುಳಿವು ಸಿಕ್ಕಿದ್ದು ಕೋಡ್ ಓದಿ ಅಲ್ಲ. ಲಾಗಿನ್ ಆಗೋಕೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯಿತು, ‘ಇದ್ಯಾಕೆ ಹೀಗೆ?’ ಅಂತ ಬಿಡದೆ ಹುಡುಕಿದರು. ಆ ಪ್ರಶ್ನೆ ಕೇಳುವ ಕಣ್ಣುಗಳು ಹೆಚ್ಚಾಗಬೇಕು.

ಹಾಗಾಗಿ ಪ್ರಾಜೆಕ್ಟ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸಬರಿಗೆ ಚಿಕ್ಕ ಪ್ಯಾಚ್ ತೋರಿಸಿ, ಏನು ನೋಡಬೇಕು ಅಂತ ಹೇಳಿ. ಅವರ ಮಾತು ತಪ್ಪಾಗಿದ್ದರೆ ಯಾಕೆ ಅಂತ ಒಂದು ಸಾಲು ಬರೆಯಿರಿ. ಸರಿಯಾಗಿದ್ದರೆ ಹೆಸರು ಹಾಕಿ. ಮೌನವೇ ಹೊಸಬರನ್ನು ಓಡಿಸೋದು.

ಹೊಸಬರಿಗೆ: ತೀರ್ಪು ಕೊಡಬೇಡಿ, ಓಡಿಸಿ ನೋಡಿ, ಕಂಡದ್ದನ್ನು ಬರೆಯಿರಿ. ‘ಈ ಸಾಲು ನನಗೆ ಅರ್ಥವಾಗಲಿಲ್ಲ’ ಅನ್ನೋದೂ ರಿವ್ಯೂನೇ. ನಿಮಗೆ ಅರ್ಥವಾಗದ್ದು ನಾಳೆ ಬರುವ ಇನ್ನೊಬ್ಬರಿಗೂ ಅರ್ಥವಾಗೋದಿಲ್ಲ.

ನಾನು ಈ ವರ್ಷ ಮತ್ತೆ ಶುರು ಮಾಡಿದ್ದೀನಿ. ಈ ಸಲ ಒಬ್ಬನೇ ಅಲ್ಲ, ರೂಮ್‌ಮೇಟ್ ಜೊತೆ. ಇಬ್ಬರು ಕೂತರೆ ಉತ್ತರ ಬರದಿದ್ದರೂ ಅಷ್ಟು ಬೇಜಾರಾಗೋದಿಲ್ಲ. ನೀವೂ ಬರೋದಾದರೆ ಭಾನುವಾರ ಸಂಜೆ ಬನ್ನಿ, ಕಾಫಿ ನಮ್ಮದು.