ಮರಳೊಳಗೆ ನೋಡುವ ಕೊಕ್ಕು

ಹೊನ್ನಾವರದ ಸೇತುವೆ ದಾಟಿ ಕಾಸರಕೋಡಿನ ಕಡೆ ಬಂದರೆ ಶರಾವತಿ ಕಡಲು ಸೇರುವ ಅಳಿವೆ, ಕಾಂಡ್ಲಾ ವನ, ಗಾಳಿಮರದ ತೋಪು, ಉದ್ದಕ್ಕೆ ಮಲಗಿದ ಮರಳ ದಂಡೆ ಎಲ್ಲವೂ ಒಂದೇ ಬೆಳಗಿನ ನಡಿಗೆಗೆ ಸಿಗುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಹಕ್ಕಿ ನೋಡಲು ಹೊರಡುವವರು ದುರ್ಬೀನು ಹುಡುಕುವ ಮೊದಲು ಆ ದಿನದ ಭರತ-ಇಳಿತದ ಹೊತ್ತನ್ನು ಕೇಳಿಕೊಳ್ಳಬೇಕು. ದಂಡೆಯ ಮೀನುಗಾರರಿಗೆ ಅದು ಬಾಯಿಪಾಠ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಿನ್ನೆಯ ಹೊತ್ತು ಇವತ್ತಿಗೆ ಸುಮಾರು 50 ನಿಮಿಷ ಮುಂದೆ ಹೋಗಿರುತ್ತದೆ. ಕಡಲಂಚಿನ ಹಕ್ಕಿಗಳ ಊಟ-ನಿದ್ದೆ ನಡೆಯುವುದು ಈ ಲೆಕ್ಕದ ಮೇಲೆ.

ನೀರು ಇನ್ನೂ ಮೇಲಿದ್ದರೆ ತೋಪಿನಿಂದ ಶುರು ಮಾಡಬಹುದು. ಬರೀ ಗಾಳಿಮರ ಇರುವಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮರಳು ಹಾರದಂತೆ ತಡೆಯಲು ನೆಟ್ಟ ಈ ಹೊರನಾಡ ಮರದ ಒಣ ಕಡ್ಡಿಯೆಲೆ ನೆಲವನ್ನೆಲ್ಲ ಮುಚ್ಚುತ್ತದೆ, ಅದರಡಿ ಬೇರೆ ಗಿಡ ಏಳುವುದೇ ಕಷ್ಟ. ಹೊನ್ನೆ, ಗೇರು, ಮುಂಡಿಗೆಯ ಪೊದೆ ಬೆರೆತ ಅಂಚಿಗೆ ಬಂದರೆ ಮಾತು ಬೇರೆ. ಹಿಮಾಲಯದ ತಪ್ಪಲಿನಿಂದ, ಮಧ್ಯ ಭಾರತದ ಕಾಡುಗಳಿಂದ ಚಳಿಗಾಲ ಕಳೆಯಲು ಬಂದ ನವರಂಗ ಹಕ್ಕಿ ಅಲ್ಲಿ ತರಗೆಲೆ ಮಗುಚುತ್ತಾ ಹುಳ ಹೆಕ್ಕುತ್ತಿರುತ್ತದೆ. ಎಲೆ ಸರಿಸಿ, ಕಣ್ಣಿಟ್ಟು, ಕಂಡದ್ದನ್ನು ಕುಕ್ಕುವುದು ಅದರ ರೀತಿ. ಈ ರೀತಿಯನ್ನು ನೆನಪಿಟ್ಟುಕೊಂಡು ದಂಡೆಗೆ ಇಳಿಯಿರಿ.

ಇಳಿತ ಶುರುವಾದೊಡನೆ ಒದ್ದೆ ಮರಳಿನ ಮೇಲೆ ಎರಡು ಬಗೆಯ ಪುಟ್ಟ ಹಕ್ಕಿಗಳು ಕಾಣುತ್ತವೆ. ದೂರದಿಂದ ಎಲ್ಲವೂ ಬೂದು-ಬಿಳಿ, ಎಲ್ಲವೂ ಒಂದೇ. ಬಣ್ಣ ಬಿಟ್ಟು ನಡೆ ನೋಡಿದರೆ ಗುರುತು ಸಿಗುತ್ತದೆ. ಒಂದು ಜಾತಿ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ನೆಟ್ಟಗೆ ನಿಂತು ನೋಡುತ್ತದೆ, ಬಾಗಿ ಒಮ್ಮೆ ಕುಕ್ಕಿ ಮತ್ತೆ ಓಡುತ್ತದೆ. ಇವು ಸ್ಯಾಂಡ್ ಪ್ಲೋವರ್, ಕೆಂಟಿಷ್ ಪ್ಲೋವರ್ ಬಳಗ. ಮುಖದಲ್ಲಿ ಎದ್ದು ಕಾಣುವುದೇ ಕಣ್ಣು, ಕೊಕ್ಕು ಗಿಡ್ಡ. ನವರಂಗದ ಹಾಗೆಯೇ, ಹುಳ ಮರಳ ಮೇಲೆ ಅಲುಗಿದ್ದು ಕಣ್ಣಿಗೆ ಬಿದ್ದರಷ್ಟೇ ಅವಕ್ಕೆ ಊಟ.

ಇನ್ನೊಂದು ಜಾತಿ ನಿಲ್ಲುವುದೇ ಇಲ್ಲ. ಹಿಂದೆ ಸರಿಯುವ ಅಲೆಯ ಬೆನ್ನು ಹತ್ತಿ ಓಡುತ್ತದೆ, ಓಡುತ್ತಲೇ ಕೊಕ್ಕನ್ನು ಮರಳಿಗೆ ಚುಚ್ಚುತ್ತದೆ, ಮುಂದಿನ ಅಲೆ ಬಂದಾಗ ಅದಕ್ಕಿಂತ ಎರಡು ಗೇಣು ಮುಂದೆ ತಪ್ಪಿಸಿಕೊಂಡು ವಾಪಸು ಬರುತ್ತದೆ. ಇದು ಸ್ಯಾಂಡರ್ಲಿಂಗ್. ಕಪ್ಪು ಕಾಲು, ಕಪ್ಪು ಕೊಕ್ಕು, ಉಳಿದಂತೆ ಬೆಳ್ಳಗೆ. ಇದರ ಹತ್ತಿರದ ಬಂಧುಗಳಿಗಿರುವ ಹಿಂಬೆರಳು ಇದಕ್ಕಿಲ್ಲ. ಅದು ಹೋದ ಮೇಲೆ ಮರಳನ್ನು ಬಗ್ಗಿ ನೋಡಿದರೆ ಮೂರು ಬೆರಳ ಹೆಜ್ಜೆಯ ಪಕ್ಕದಲ್ಲಿ ಸೂಜಿಯಿಂದ ಹೊಲಿದ ಹಾಗೆ ಸಾಲು ತೂತುಗಳು ಉಳಿದಿರುತ್ತವೆ.

ಕಾಣದ ಹುಳಕ್ಕೆ ಅದು ಎಲ್ಲಿ ಚುಚ್ಚಬೇಕೆಂದು ಹೇಗೆ ತಿಳಿಯುತ್ತದೆ? ಉತ್ತರ ಕೊಕ್ಕಿನ ತುದಿಯಲ್ಲಿದೆ. ಹೊರಗೆ ಗಟ್ಟಿ ಕೊಂಬಿನಂತೆ ಕಂಡರೂ ಸ್ಯಾಂಡರ್ಲಿಂಗ್ ಬಳಗದ ಹಕ್ಕಿಗಳ ಕೊಕ್ಕಿನ ತುದಿಯ ಎಲುಬಿನಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಪ್ರತಿ ಗುಳಿಯಲ್ಲೂ ಹರ್ಬ್ಸ್ಟ್ ಕಣಗಳೆಂಬ ಸ್ಪರ್ಶಾಂಗಗಳ ಗುಂಪು. ಒತ್ತಡದಲ್ಲಿ, ಕಂಪನದಲ್ಲಿ ಎಷ್ಟು ಸೂಕ್ಷ್ಮ ಬದಲಾವಣೆಯಾದರೂ ಅವು ಗ್ರಹಿಸುತ್ತವೆ.

ಸ್ಯಾಂಡರ್ಲಿಂಗ್‌ನ ಸೋದರಸಂಬಂಧಿಯಾದ ರೆಡ್ ನಾಟ್ ಎಂಬ ಹಕ್ಕಿಯ ಮೇಲೆ ಡಚ್ ವಿಜ್ಞಾನಿ ಥ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಅವರು ಕೆಲವು ತಟ್ಟೆಗಳ ಒದ್ದೆ ಮರಳಿನಲ್ಲಿ ಬೇಟೆಯ ಬದಲು ನಿರ್ಜೀವ ವಸ್ತುಗಳನ್ನು ಹೂತರು. ಅವಕ್ಕೆ ವಾಸನೆಯಿಲ್ಲ, ಅಲುಗಾಟವಿಲ್ಲ. ಆದರೂ ಯಾವ ತಟ್ಟೆಯಲ್ಲಿ ಏನಾದರೂ ಹೂತಿದೆ, ಯಾವುದರಲ್ಲಿ ಬರೀ ಮರಳಿದೆ ಎಂಬುದನ್ನು ಹಕ್ಕಿ ಕಂಡುಹಿಡಿಯಿತು. ಅವರು ಕೊಟ್ಟ ವಿವರಣೆ ಇದು: ಕೊಕ್ಕು ಚುಚ್ಚಿದಾಗ ಮರಳಕಣಗಳ ನಡುವಿನ ನೀರು ಒತ್ತಿಹೋಗುತ್ತದೆ. ಸುತ್ತ ಅಡ್ಡಿಯಿಲ್ಲದಿದ್ದರೆ ಒತ್ತಡ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಒಂದು ಪಕ್ಕದಲ್ಲಿ ಗಟ್ಟಿ ಚಿಪ್ಪು ಇದ್ದರೆ ಆ ಪಕ್ಕದಲ್ಲಿ ನೀರಿಗೆ ದಾರಿ ತಪ್ಪುತ್ತದೆ. ಆ ಏರುಪೇರನ್ನು ಕೊಕ್ಕಿನ ತುದಿ ಓದಿಕೊಳ್ಳುತ್ತದೆ. ಇದು ಮುಟ್ಟದೆಯೇ ಮುಟ್ಟಿದಷ್ಟು ತಿಳಿಯುವ ಇಂದ್ರಿಯ. ಜೀವಲೋಕದ ಅತಿ ಚಂದದ ಉಪಾಯಗಳಲ್ಲಿ ಇದೂ ಒಂದೆಂದು ನನ್ನ ನಂಬಿಕೆ. ಕಣ್ಣಿನ ಹಂಗಿಲ್ಲದ ಈ ವಿದ್ಯೆ ಅಮಾವಾಸ್ಯೆಯ ರಾತ್ರಿಯಲ್ಲೂ ನಡೆಯುತ್ತದೆ.

ಆದರೆ ಇದಕ್ಕೆ ನೀರು ತುಂಬಿದ ಮರಳೇ ಬೇಕು. ಒಣ ಮರಳಿನಲ್ಲಿ ಒತ್ತಡ ಸಾಗಿಸುವ ನೀರಿಲ್ಲ, ಕೊಕ್ಕಿಗೆ ಸುದ್ದಿಯೂ ಇಲ್ಲ. ನಮ್ಮ ಕರಾವಳಿಯ ಕಷ್ಟ ಇಲ್ಲಿಯೇ ಇದೆ. ಖಂಭಾತ್ ಕೊಲ್ಲಿಯಲ್ಲಿ ಭರತ-ಇಳಿತದ ಅಂತರ 10 ಮೀಟರನ್ನೂ ಮೀರುತ್ತದೆ, ನೀರಿಳಿದಾಗ ವಿಶಾಲವಾದ ಕೆಸರುಬಯಲು ತೆರೆಯುತ್ತದೆ. ಕರ್ನಾಟಕದ ದಂಡೆಯಲ್ಲಿ ಆ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಅಳಿವೆಯ ಕೆಸರು ಬಿಟ್ಟರೆ ಹಕ್ಕಿಗೆ ಉಳಿಯುವುದು ಅಲೆ ತೋಯಿಸಿ ಹೋಗುವ ಒಂದು ಕಿರುಪಟ್ಟಿ. ಅದೇ ಪಟ್ಟಿಯ ಮೇಲೆ ನಾವು ನಡೆಯುತ್ತೇವೆ, ಮಕ್ಕಳು ಆಡುತ್ತಾರೆ, ನಾಯಿಗಳು ಓಡುತ್ತವೆ, ಕೆಲವರು ಜೀಪನ್ನೂ ಓಡಿಸುತ್ತಾರೆ.

ಸ್ಯಾಂಡರ್ಲಿಂಗ್ ಮರಿ ಮಾಡುವುದು ಉತ್ತರ ಧ್ರುವದ ಸುತ್ತಲಿನ ಟಂಡ್ರಾದಲ್ಲಿ. ಬೇಸಿಗೆ ಕಾವೇರುವ ಹೊತ್ತಿಗೆ ಅದು ಅಲ್ಲಿಗೆ ಹೊರಡಬೇಕು, ಅದಕ್ಕೆ ಬೇಕಾದ ಕೊಬ್ಬನ್ನು ಈ ಪಟ್ಟಿಯಿಂದಲೇ ಹೆಕ್ಕಿ ಮೈಗೂಡಿಸಿಕೊಳ್ಳಬೇಕು. ಫೋಟೋಗಾಗಿ ಹಿಂಡನ್ನು ಒಮ್ಮೆ ಎಬ್ಬಿಸಿದರೆ ಕೂಡಿಟ್ಟದ್ದರಲ್ಲಿ ಒಂದಿಷ್ಟು ಹಾರಾಟಕ್ಕೆ ಖರ್ಚು, ಜೊತೆಗೆ ಇಳಿತದ ಊಟದ ಹೊತ್ತೂ ನಷ್ಟ. ಆದ್ದರಿಂದ ದಂಡೆಗೆ ಹೋದಾಗ ಒಣ ಮರಳಿನ ಮೇಲೆ ನಡೆಯಿರಿ, ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ. ಹಿಂಡು ಕಂಡಲ್ಲಿ ನಿಂತುಬಿಡಿ, ಅಲೆಯ ಜೊತೆ ಅವು ತಾವಾಗಿಯೇ ನಿಮ್ಮ ಹತ್ತಿರ ಬರುತ್ತವೆ.