ಮಂತ್ರದ ಓಲೆ ಯಾರ ಕೈಗೆ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ಆಡುವವರು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸಿ, ದಾಳವುರುಳಿಸುತ್ತ ಕಥೆಯನ್ನು ಬೆಳೆಸುವರು. ಅದರಲ್ಲಿ ಮಂತ್ರ ಬರೆದ ಓಲೆಗಳುಂಟು. ಒಮ್ಮೆ ಓದಿದೊಡನೆ ಬರಹವು ಅಳಿದುಹೋಗುವುದು. ಮಾಂತ್ರಿಕನಲ್ಲದವನು ಅದನ್ನು ಓದಬಹುದೇ?

ಓಲೆ ದೊರೆತವರೆಲ್ಲ ಮಂತ್ರ ಪ್ರಯೋಗಿಸುವುದಾದರೆ ಮಾಂತ್ರಿಕನ ದೀರ್ಘಾಭ್ಯಾಸಕ್ಕೆ ಬೆಲೆಯೇನು ಎಂಬುದು ಒಂದು ವಾದ. ಮಾಂತ್ರಿಕನು ಬಿದ್ದಾಗ, ಓಲೆ ಕೈಯಲ್ಲಿದ್ದೂ ಸಂಗಡಿಗರು ಸಾಯಬೇಕೇ ಎಂಬುದು ಪ್ರತಿವಾದ. 1978ರ ನಿಯಮಗ್ರಂಥವು ನಡುದಾರಿ ಹಿಡಿಯಿತು: ಹತ್ತನೆಯ ಮೆಟ್ಟಿಲೇರಿದ ಕಳ್ಳನು ಓಲೆಯನ್ನು ಓದಬಹುದು, ಆದರೆ ನೂರಕ್ಕೆ 25ರಷ್ಟು ತಪ್ಪಾಗಿ ಗ್ರಹಿಸುವ ಸಂಭವವುಂಟು. ಇದೇ ನ್ಯಾಯವೆಂದು ತೋರುತ್ತದೆ. ಇಲ್ಲಿ ಬಾಗಿಲನ್ನು ಮುಚ್ಚಿಲ್ಲ. ಪರಿಶ್ರಮವನ್ನು ಕಡೆಗಣಿಸಿಯೂ ಇಲ್ಲ.

ಈ ಮಾತು ಆಟಕ್ಕಷ್ಟೇ ಸಲ್ಲುವುದಲ್ಲ. ತೊಂಡಾಮುತ್ತೂರು ಸೇರಿದ ನಮ್ಮ ಕೊಯಮತ್ತೂರು ಸೀಮೆಯಲ್ಲಿ, ಮನೆಯಲ್ಲಿ ಕನ್ನಡವಾಡಿಯೂ ಕನ್ನಡದ ಅಕ್ಷರವನ್ನರಿಯದ ಕುಟುಂಬಗಳಿವೆ. ಅಜ್ಜನು ಕನ್ನಡದಲ್ಲಿ ಬರೆದಿಟ್ಟ ಕಾಗದವು ಅಂಥ ಮನೆಯ ಮೊಮ್ಮಗನಿಗೆ ಬಾಯಿಬಿಡದ ಓಲೆಯೇ ಸರಿ. ಹುಟ್ಟಿನಿಂದ ಬಂದದ್ದು ಮಾತು. ಕಲಿತು ಪಡೆಯಬೇಕಾದದ್ದು ಓದು. ಆದುದರಿಂದ ಮಕ್ಕಳೇ, ತಡವರಿಸಿಯಾದರೂ ಓದಿರಿ, ತಪ್ಪಿದರೆ ತಿದ್ದಿಕೊಳ್ಳಿರಿ. ಈ ಓಲೆಯ ಬರಹವು ಓದಿದಷ್ಟಕ್ಕೆ ಅಳಿಯುವುದಿಲ್ಲ.