ಕೆಲಸಗಾರರಿಗೆ ಇ.ಎಸ್.ಐ., ಮಾಲೀಕರಿಗೆ ಏನು?

ಹೈದರಾಬಾದ್: ನಮ್ಮ ಉಡುಪಿ ಹೋಟೆಲುಗಳಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವ ಹುಡುಗನಿಗೆ ಇ.ಎಸ್.ಐ. ಸೌಲಭ್ಯವಿದೆ. ಗಲ್ಲಾದಲ್ಲಿ ಕೂತ ಮಾಲೀಕರಿಗೆ ಇಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲು, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂ.ವರೆಗೆ ಸಂಬಳ ಪಡೆಯುವವರಿಗಾಗಿ ಮಾಲೀಕರು ಶೇ. 3.25, ಕೆಲಸಗಾರರು ಶೇ. 0.75 ವಂತಿಗೆ ಕಟ್ಟುತ್ತಾರೆ. ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಕೆಲಸಗಾರರಿಗೆ ತೆರೆದಿದೆ. ವಂತಿಗೆ ಕಟ್ಟಿದ ಧಣಿ ಸ್ವಂತ ಜೇಬನ್ನೇ ನೋಡಿಕೊಳ್ಳಬೇಕು. ಕೇಟರಿಂಗ್‌ನವರು, ಪುರೋಹಿತರು, ಟ್ಯೂಷನ್ ಹೇಳುವವರ ಪಾಡೂ ಇದೇ.

2007ರಲ್ಲಿ ಆರಂಭವಾದ ಆರೋಗ್ಯಶ್ರೀಯ ಮಿತಿಯನ್ನು ತೆಲಂಗಾಣ ಸರಕಾರ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂ.ಗೆ ಏರಿಸಿತು. ಆದರೆ ಅದಕ್ಕೆ ಇಲ್ಲಿನ ರೇಷನ್ ಕಾರ್ಡು ಬೇಕು. ಕಾರ್ಡು ಇನ್ನೂ ಊರಿನಲ್ಲೇ ಇರುವ ನಮ್ಮವರಿಗೆ ಅದು ಸಿಗದು. ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಅವರ ಕಾರ್ಡು ಮೊದಲು ಮಾಡಿಸಿ.

ಉಳಿದವರಿಗೆ ಸ್ವಂತ ಪಾಲಿಸಿಯೇ ಗತಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಪಾಲಿಸಿಗಳ ಮೇಲಿನ ಶೇ. 18 ಜಿ.ಎಸ್.ಟಿ. ರದ್ದಾಗಿದೆ. ಕಂತಿನಲ್ಲಿ ಕಟ್ಟಲು ಅವಕಾಶವಿರುವ ಪಾಲಿಸಿಗಳೂ ಇವೆ. ಆಷಾಢದಲ್ಲಿ ಮದುವೆ, ಮುಂಜಿ ಇಲ್ಲದೆ ಕೈ ಖಾಲಿಯಾಗುವವರಿಗೆ ಇದು ಅನುಕೂಲ; ಕಂತು ತಪ್ಪಿಸಿದರೆ ಮಾತ್ರ ಪಾಲಿಸಿಯೇ ಹೋದೀತು.

ಪ್ರೀಮಿಯಂ ಕಡಿಮೆ ಎಂದು ಹಿಗ್ಗುವ ಮೊದಲು ರೂಮು ಬಾಡಿಗೆಯ ಷರತ್ತು ಓದಿ. ಮಿತಿ ದಿನಕ್ಕೆ 5,000 ರೂ. ಇದ್ದು ನೀವು 10,000 ರೂ. ರೂಮಿನಲ್ಲಿ ಮಲಗಿದರೆ, ಕಡಿತ ಬಾಡಿಗೆಗೆ ಮುಗಿಯುವುದಿಲ್ಲ. ಹಲವು ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ವೆಚ್ಚಕ್ಕೂ ಅರ್ಧವೇ ಸಿಗುತ್ತದೆ. ಅವು ಒಂದು ಲಕ್ಷವಾಗಿದ್ದರೆ 50,000 ರೂ. ನಿಮ್ಮ ತಲೆಗೆ.

ಇನ್ನೊಂದು, ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದದ್ದು. ಕೆಲವು ಕಂಪನಿಗಳು ಸಣ್ಣ ಊರಿನವರಿಗೆ ಪ್ರೀಮಿಯಂ ಕಡಿಮೆ ಮಾಡುತ್ತವೆ. ಅದಕ್ಕೆಂದು ಕುಂದಾಪುರದ ವಿಳಾಸ ಕೊಟ್ಟು ಹೈದರಾಬಾದಿನಲ್ಲಿ ದಾಖಲಾದರೆ, ಬಿಲ್ಲಿನ ಒಂದು ಪಾಲು ನೀವೇ ಕೊಡಬೇಕಾಗಬಹುದು. ಮಣಿಪಾಲ ಆರೋಗ್ಯ ಕಾರ್ಡು ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ರಿಯಾಯಿತಿ ಕಾರ್ಡು, ವಿಮೆಯಲ್ಲ. ಇಲ್ಲಿಯೂ ಊರಿನಲ್ಲಿಯೂ ನಗದುರಹಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಯಾವುವು ಎಂದು ಏಜೆಂಟರಲ್ಲಿ ಪಟ್ಟಿ ಕೇಳಿ ಪಡೆಯಿರಿ.

ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಅರ್ಜಿಯಲ್ಲಿ ಬರೆಯಲೇಬೇಕು. "ಅದೆಲ್ಲ ಬೇಡ ಸಾರ್" ಎನ್ನುವ ಏಜೆಂಟರ ಮಾತು ಕೇಳಬೇಡಿ. ಕ್ಲೇಮು ತಿರಸ್ಕಾರವಾದ ದಿನ ಅವರು ಫೋನು ಎತ್ತುವುದಿಲ್ಲ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 2024ರಿಂದ ಗರಿಷ್ಠ ಮೂರು ವರ್ಷ. ಐದು ವರ್ಷ ಬಿಡದೆ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ಕಂಪನಿ ಕ್ಲೇಮು ನಿರಾಕರಿಸುವಂತಿಲ್ಲ. ಪಾಲಿಸಿ ಕೈಗೆ ಬಂದ 30 ದಿನಗಳಲ್ಲಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ಕ್ಲೇಮಿನಲ್ಲಿ ತಕರಾರು ಬಂದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಇಲ್ಲವೇ ಉತ್ತರ ಸಮಾಧಾನ ತರದಿದ್ದರೆ, ನಗರದ ಲಕಡಿ ಕಾ ಪೂಲ್‌ನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂ.ವರೆಗಿನ ದೂರು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.